ಹೆಣ್ಣಿನ ಕಡೆಯವರು ಬಸ್ ಹತ್ತಿದ್ದು

ಕೋಲಾರದಿಂದ ಶ್ರೀನಿವಾಸಪುರದ ಮೇಲೆ ರಾಯಲ್ಪಾಡಿಗೆ ಹೋಗುವ ಬಸ್ಸು. ಜನ ತುಂಬಿದ್ದಾರೆ. ಹೀಗಿರುವಾಗ ಅದು ರಸ್ತೆ ಬಿಟ್ಟು ಒಬ್ಬ ಅಜ್ಜಿಯ ದನದ ಕೊಟ್ಟಿಗೆ ಮುಂದೆ ಹೋಗಿ ನಿಂತಿತು. ಯಾಕೆ? ಊಹಿಸಿ ನೋಡೋಣ. ಬ್ರೇಕು ಕೆಟ್ಟಿತ್ತು ಅಂತೀರಾ? ಇಲ್ಲ. ಡ್ರೈವರ್ ಕುಡಿದಿದ್ದ ಅಂತೀರಾ? ಪಾಪ, ಅವನು ಕಾಫಿಯನ್ನೂ ಮುಟ್ಟದವನು. ಬಿ.ಎ. ಮುಗಿಸಿ ಅದೇ ಬಸ್ಸಿಗೆ ಕಂಡಕ್ಟರ್ ಆಗಿದ್ದ ನಾನು ಹೇಳ್ತೀನಿ ಕೇಳಿ. ಅವನಿಗೆ ಮದುವೆ ಆಗಬೇಕಿತ್ತು! ನಮ್ಮ ರೂಟಿನಲ್ಲಿ ಇಂಥವು ನಡೆಯುತ್ತಲೇ ಇದ್ದವು.

೧. ಛತ್ರಿ

ಡ್ರೈವರಿಗೆ ಮೂವತ್ತು ದಾಟಿತ್ತು. ಡ್ರೈವರುಗಳಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. ಕೊನೆಗೆ ರಾಯಲ್ಪಾಡಿನ ಒಬ್ಬ ಹುಡುಗಿಯ ಅಪ್ಪ ಅರ್ಧ ಒಪ್ಪಿದರು. "ಮನೆಗೆ ಬಂದು ಉಪ್ಪಿಟ್ಟು ತಿಂದರೆ ಗಂಡಿನ ಗುಣ ಗೊತ್ತಾಗಲ್ಲ ಸ್ವಾಮಿ. ನಮ್ಮೋರು ಯಾರಾದ್ರೂ ಒಂದಿನ ನಿಮ್ಮ ಬಸ್ ಹತ್ತಿ ನೋಡ್ತಾರೆ. ಯಾರು, ಯಾವತ್ತು ಅಂತ ಹೇಳಲ್ಲ," ಅಂದರು.

ಮಾರನೇ ದಿನದಿಂದಲೇ ಖಾಕಿಗೆ ಇಸ್ತ್ರಿ, ಹಣೆಗೆ ಕುಂಕುಮ. ಹಾರನ್ ಎಷ್ಟು ಮೆತ್ತಗೆ ಒತ್ತುತ್ತಿದ್ದನೆಂದರೆ ಕೋಳಿಗಳೂ ದಾರಿ ಬಿಡುತ್ತಿರಲಿಲ್ಲ. ಒಂದು ದಿನ ರೇಷ್ಮೆ ಸೀರೆ, ಜರಿ ಪಂಚೆಯ ಮುದುಕ ದಂಪತಿ ಹತ್ತಿದರು. ಇವರೇ ಅವರು ಅಂದುಕೊಂಡ. "ಯಜಮಾನ್ರೇ, ಕುಲುಕಾಟ ಜಾಸ್ತಿ ಆಯ್ತಾ?" ಅಂತ ದಾರಿಯುದ್ದಕ್ಕೂ ಉಪಚಾರ. ಅವರು ಛತ್ರಿ ಮರೆತು ಬಂದರೆಂದು ಶ್ರೀನಿವಾಸಪುರಕ್ಕೆ ಬಸ್ಸನ್ನೇ ವಾಪಸ್ ತಿರುಗಿಸಿದ.

ಇಳಿಯುವಾಗ ನಾನು ಮೆಲ್ಲಗೆ ಕೇಳಿದೆ, "ಮಗಳ ವಿಷಯ ಏನು ಮಾಡಿದ್ರಿ?"

"ನಮಗೆ ಮಕ್ಕಳೇ ಇಲ್ಲಪ್ಪ. ನಿಮ್ಮ ಡ್ರೈವರನ್ನೇ ದತ್ತು ತಗೊಳ್ಳೋಣ ಅನ್ನಿಸ್ತಿದೆ!"

೨. ಹೊಸ ಸ್ಟಾಪುಗಳು

ಸುದ್ದಿ ದಾರಿಯ ಊರುಗಳಿಗೆಲ್ಲ ಹಬ್ಬಿತು. ಹತ್ತಿದವರೆಲ್ಲ "ನಾವು ಹೆಣ್ಣಿನ ಕಡೆಯೋರು" ಅನ್ನತೊಡಗಿದರು. ಹುಣಸೆ ಮರಕ್ಕೊಂದು ಸ್ಟಾಪು, ಹಿಟ್ಟಿನ ಗಿರಣಿಗೊಂದು, ಯಾರದೋ ಮನೆ ಜಗಲಿಗೊಂದು. ಕೊಟ್ಟಿಗೆ ಅಜ್ಜಿಯೂ ಹಾಗಂದವಳೇ.

"ಹುಡುಗಿ ನಿಮಗೇನಾಗಬೇಕಜ್ಜಿ?" ಅಂದೆ.

"ಯಾವ ಹುಡುಗಿ ನಾಯನಾ? ಹಂಗಂದ್ರೆ ಮನೆತನಕ ಬಿಡ್ತಾನೆ ಅಂತ ಪಕ್ಕದ ಮನೆಯೋಳು ಹೇಳ್ಕೊಟ್ಟಳು!"

೩. ಮಾವಿನ ತೋಪು

ಬಸ್ಸು ದಿನವೂ ತಡ. ಡಿಪೋದ ಸಾಹೇಬರು ಡ್ರೈವರನ್ನು ಕರೆದು, "ಇನ್ನೊಂದು ದಿನ ಲೇಟಾದರೆ ನಿನ್ನ ರೂಟೇ ಬದಲಾಯಿಸ್ತೀನಿ," ಅಂದರು. ರೂಟು ಹೋದರೆ ಹೆಣ್ಣೂ ಹೋದ ಹಾಗೆ! ಮುಖ ಗಂಟು ಹಾಕಿಕೊಂಡೇ ಬಸ್ ತೆಗೆದ.

ದಾರಿಯಲ್ಲಿ ಬುಟ್ಟಿ ಹೊತ್ತ ಒಬ್ಬ ಸಣಕಲು ಮುದುಕಿ ಹತ್ತಿದಳು. ಸ್ವಲ್ಪ ದೂರ ಹೋದ ಮೇಲೆ, "ಡ್ರೈವರಪ್ಪಾ, ಆ ಮಾವಿನ ತೋಪಿನ ಹತ್ರ ಒಸಿ ನಿಲ್ಲಿಸು," ಅಂದಳು.

"ಅಲ್ಲಿ ಸ್ಟಾಪಿಲ್ಲ."

"ನಾನು ಹೆಣ್ಣಿನ ಅಜ್ಜಿ ಕಣಪ್ಪ."

ಬಸ್ಸೆಲ್ಲ ಗೊಳ್ಳೆಂದಿತು. ಅಷ್ಟು ದಿನ ನುಂಗಿಕೊಂಡಿದ್ದ ಕೋಪ ಒಟ್ಟಿಗೇ ಹೊರಬಿತ್ತು. "ಅಜ್ಜಿಯಲ್ಲ, ಆ ಹೆಣ್ಣೇ ಬಂದ್ರೂ ನಿಲ್ಲಿಸಲ್ಲ! ಬಾಯಿ ಮುಚ್ಕೊಂಡು ಕೂತ್ಕೊಳ್ಳಮ್ಮ!"

ರಾಯಲ್ಪಾಡಿಗೆ ಹೊತ್ತಿಗೆ ಸರಿಯಾಗಿ ತಲುಪಿದೆವು. ನೋಡಿದರೆ, ಸ್ಟಾಪಿನಲ್ಲಿ ಹುಡುಗಿಯ ಅಪ್ಪ ನಿಂತಿದ್ದಾರೆ! ಮುದುಕಿಯ ಕೈ ಹಿಡಿದು ಇಳಿಸಿಕೊಂಡು, "ಅಮ್ಮಾ, ಹೆಂಗವ್ನೆ ಹುಡುಗ?" ಅಂದರು. ಡ್ರೈವರ್ ಸ್ಟೇರಿಂಗಿಗೆ ಹಣೆ ಹಚ್ಚಿಬಿಟ್ಟ.

ಮುದುಕಿ ಬುಟ್ಟಿ ಕೆಳಗಿಟ್ಟಳು. "ಊರೋರನ್ನೆಲ್ಲ ಮನೆ ಬಾಗಿಲಿಗೆ ಬಿಟ್ಟು ಬರ್ತಾನಂತೆ ಅಂತ ಕೇಳಿ, ಬೇಡ ಅನ್ನೋಕೇ ಬಸ್ ಹತ್ತಿದ್ದೆ ಕಣೋ. ಅಂಥೋನು ನಮ್ಮ ಹುಡುಗಿ ಮಾಡಿಟ್ಟ ಮುದ್ದೆ ಆರೋಕ್ಮುಂಚೆ ಮನೆಗೆ ಬರ್ತಾನಾ? ಇವನು ನೋಡು, ನನ್ನನ್ನೇ ಬೈದು ಹೊತ್ತಿಗೆ ಸರಿಯಾಗಿ ಬಂದವ್ನೆ. ಲಗ್ನ ಕಟ್ಟಿಸು!"

ಅವತ್ತು ಎಪ್ಪತ್ತೊಂಬತ್ತನೇ ಇಸವಿ ಮೇ ಏಳು, ಸೋಮವಾರ.