ಬೇಸ್‌ಮೆಂಟಿನ ರಿಸ್ಕ್ ಅನಾಲಿಸ್ಟ್

“ಇವತ್ತಿಂದ ಈ ಬಸವಕುಮಾರನಿಗೆ ಬಾಸ್ ಅನ್ನೋನು ಇಲ್ಲ!”

2010ರ ಜನವರಿಯ ಒಂದು ಬೆಳಿಗ್ಗೆ, ಅಮೆರಿಕದ ಜಾನ್ಸ್ ಕ್ರೀಕಿನ ತನ್ನ ಮನೆಯ ಊಟದ ಮೇಜಿಗೆ ಗುದ್ದಿ ಬಸವಕುಮಾರ್ ಹೀಗೆ ಘೋಷಿಸಿದಾಗ ಉಪ್ಪಿಟ್ಟಿನ ತಟ್ಟೆ ಒಂದಿಂಚು ಮೇಲೆ ಹಾರಿ ಕೂತಿತು. ಬಾಸ್ ಇಲ್ಲದ್ದು ಹೊಸ ಸುದ್ದಿಯೇನಲ್ಲ. ಎರಡು ತಿಂಗಳ ಹಿಂದೆ ಅವನ ಸಾಫ್ಟ್‌ವೇರ್ ಕಂಪನಿ ಒಂದೇ ಮಧ್ಯಾಹ್ನ ನಲವತ್ತು ಜನರನ್ನು ಮನೆಗೆ ಕಳಿಸಿತ್ತು, ಅದರಲ್ಲಿ ಇವನೂ ಒಬ್ಬ. ಹೊಸ ಸುದ್ದಿ ಏನೆಂದರೆ ಇನ್ನು ಮೇಲೆ ಅವನು ಕೆಲಸ ಹುಡುಕುವುದಿಲ್ಲ. ಆನ್‌ಲೈನ್ ಪೋಕರ್ ಆಡಿ ಸಂಸಾರ ಸಾಕುತ್ತಾನೆ!

“ಇಸ್ಪೀಟಾ?” ಅಂದಳು ಹೆಂಡತಿ ಪ್ರತಿಭಾ.

“ಇಸ್ಪೀಟಲ್ಲ ಕಣೇ, ಪೋಕರ್! ಅದು ಸ್ಕಿಲ್. ಶುದ್ಧ ಪ್ರಾಬಬಿಲಿಟಿ. ಒಂದು ವರ್ಷದಿಂದ ಗೆಲ್ತಾ ಇದೀನಿ, ಗೊತ್ತಾ?”

“ಐವತ್ತೆರಡು ಎಲೆ ತಾನೇ?”

“ಹೌದು.”

“ರಾಜ, ರಾಣಿ, ಗುಲಾಮ ಇದಾರಾ?”

“ಇದಾರೆ.”

“ಹಾಗಾದ್ರೆ ಇಸ್ಪೀಟೇ.”

ಇಷ್ಟು ಹೇಳಿ ಅವಳು ಕಾರಿನ ಕೀ ತೊಗೊಂಡು ಹೊರಟಳು. ಪ್ರತಿಭಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಏಳು ವರ್ಷ ಸಂಜೆ ಪಾಳಿ, ವೀಕೆಂಡ್ ಪಾಳಿ ಎಲ್ಲಾ ಸವೆಸಿ ಆಗಷ್ಟೇ ಬೆಳಗಿನ ಶಿಫ್ಟ್ ಗಿಟ್ಟಿಸಿದ್ದಳು. ಮನೆಯ ಇನ್ಶೂರೆನ್ಸ್ ಅವಳ ಕೆಲಸದ್ದು, ಸಾಲದ ಕಂತಿನ ಹೆಚ್ಚು ಪಾಲೂ ಅವಳದ್ದೇ. ಬಸವಕುಮಾರನಿಗಾದರೋ ಗ್ರೀನ್ ಕಾರ್ಡ್ ಕೈಗೆ ಬಂದಿತ್ತು; ಉಳಿದ ಐವತ್ತೆರಡು ಕಾರ್ಡನ್ನು ತಾನೇ ನೋಡಿಕೊಳ್ಳುತ್ತೇನೆ ಅಂದುಕೊಂಡಿದ್ದ.

ಬೇಸ್‌ಮೆಂಟ್ ಆಫೀಸಾಯಿತು. ಮೂರು ಮಾನಿಟರ್ ಬಂದವು. ಬೆನ್ನಿಗೆ ಆನಿಕೊಳ್ಳಲು ಪೈಲಟ್‌ಗಳಿಗೆ ಇರುವಂಥ ಕುರ್ಚಿ ಬಂತು. ಪ್ರತಿದಿನ ಒಂಬತ್ತು ಗಂಟೆಗೆ ಬಸವಕುಮಾರ್ ಇಸ್ತ್ರಿ ಮಾಡಿದ ಶರ್ಟ್ ಹಾಕಿ, ಹದಿಮೂರು ಮೆಟ್ಟಿಲು ಇಳಿದು ಆಫೀಸಿಗೆ ಹೋಗುತ್ತಿದ್ದ. ಒಂದು ತಿಂಗಳು ಗೆದ್ದರೆ ಮೂರು ದಿನ ಉಪನ್ಯಾಸ, ಒಂದು ತಿಂಗಳು ಸೋತರೆ “ಇದು ವೇರಿಯನ್ಸ್, ನಿನಗೆ ಅರ್ಥ ಆಗಲ್ಲ.” ಅರ್ಥವಾಗದ ಆ ತಿಂಗಳುಗಳಲ್ಲಿ ಪ್ರತಿಭಾ ಓವರ್‌ಟೈಮ್ ಮಾಡುತ್ತಿದ್ದಳು.

ಹೀಗೇ ವರ್ಷ ಕಳೆಯಿತು. 2011ರ ಫೆಬ್ರವರಿಯಲ್ಲಿ ತುಮಕೂರಿನಿಂದ ಪ್ರತಿಭಾಳ ತಂದೆ ಗುರುಶಾಂತಪ್ಪನವರು ಬರುತ್ತಾರೆ ಅಂದಾಗ ಬಸವಕುಮಾರನ ಹಣೆ ಮೊದಲ ಸಲ ಬೆವರಿತು. ನಲವತ್ತು ವರ್ಷ ಕಾಲೇಜಿನಲ್ಲಿ ಗಣಿತ ಕಲಿಸಿದ ಮನುಷ್ಯ!

“ನಿಮ್ಮಪ್ಪನಿಗೆ ಏನಂತ ಹೇಳೋಣ?”

“ಹೇಳೋಣ ಅಲ್ಲ, ಹೇಳ್ತೀನಿ ಅನ್ನಿ. ನಾನು ಅಪ್ಪನ ಹತ್ರ ಸುಳ್ಳು ಹೇಳಲ್ಲ. ಏನು ಬೇಕೋ ನೀವೇ ಹೇಳ್ಕೊಳಿ.”

ಹೇಳಿಕೊಂಡ. ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ, ಹೈವೇ ಮೇಲೆ ಕಣ್ಣಿಟ್ಟು, “ರಿಸ್ಕ್ ಅನಾಲಿಸಿಸ್ ಮಾವ. ಮನೆಯಿಂದಲೇ ಕೆಲಸ” ಅಂದ. ಮಾವನಿಗೆ ಹೆಮ್ಮೆಯಾಯಿತು. ಅದೇ ತಪ್ಪಾಗಿದ್ದು! ಮಾರನೇ ದಿನದಿಂದಲೇ ಅಳಿಯಂದಿರ ಕಾಫಿ ಲೋಟ ಹಿಡಿದು ಬೇಸ್‌ಮೆಂಟಿಗೆ ಇಳಿಯತೊಡಗಿದರು. “ನಿಮ್ಮ ಕೆಲಸ ನೀವು ಮಾಡಿ, ನಾನು ಸುಮ್ನೆ ಕೂತಿರ್ತೀನಿ” ಅಂತ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂರುವರು.

“ಅಳಿಯಂದ್ರೇ, ಆ ಕೆಂಪು ಗುರುತು ಆಟೀನಲ್ವಾ?”

“ಅದು... ಹಾರ್ಟ್ ಮಾವ. ಕಾರ್ಡಿಯಾಲಜಿ ಡೇಟಾ. ಕ್ಲೈಂಟ್ ಆಸ್ಪತ್ರೆ.”

“ಪಕ್ಕದಲ್ಲಿರೋದು ಡೈಮನ್ ಥರ ಇದೆ.”

“ಅವರು ಒಡವೆ ಅಂಗಡಿಯೋರು.”

“ಕಳಾವರ್?”

“ಅಗ್ರಿಕಲ್ಚರ್!”

ಮಾವ ತಲೆ ಅಲ್ಲಾಡಿಸುವರು. ಅಳಿಯ ಗಾಬರಿಯಲ್ಲಿ ಒಳ್ಳೊಳ್ಳೆ ಕೈ ಬಿಟ್ಟು ಕೆಟ್ಟ ಕೈಗೆ ದುಡ್ಡು ಸುರಿಯುವನು. ಆ ಮಾರ್ಚ್ ತಿಂಗಳಷ್ಟು ಅವನು ಯಾವತ್ತೂ ಸೋತಿರಲಿಲ್ಲ.

ಏಪ್ರಿಲ್ ಹತ್ತು, ಭಾನುವಾರ. ಸೋಮವಾರ ಬಂದಿದ್ದ ಯುಗಾದಿಯನ್ನು ಆ ಭಾನುವಾರಕ್ಕೆ ಎಳೆದು ತಂದು, ಪ್ರತಿಭಾ ಹದಿನೈದು ಇಪ್ಪತ್ತು ಜನರನ್ನು ಮನೆಗೆ ಕರೆದಿದ್ದಳು. ಅದೇ ದಿನ ಬಸವಕುಮಾರನಿಗೆ ದೊಡ್ಡ ಟೂರ್ನಮೆಂಟ್. ಬೆಳಿಗ್ಗೆ ಹತ್ತಕ್ಕೆ ಶುರುವಾದ ಆಟದಲ್ಲಿ ಒಂದೊಂದೇ ತಲೆ ಉರುಳಿ, ಅತಿಥಿಗಳು ಕೈ ತೊಳೆದು ಕೂರುವ ಹೊತ್ತಿಗೆ ಒಂಬತ್ತು ಜನ ಉಳಿದಿದ್ದರು. ಒಂಬತ್ತರಲ್ಲಿ ಇವನೊಬ್ಬ!

“ರೀ, ತುಪ್ಪ ಬಡಿಸಿ ಬನ್ನಿ,” ಅಂದಳು ಪ್ರತಿಭಾ, ಮೆಟ್ಟಿಲ ಮೇಲಿಂದ.

ತುಪ್ಪ ಬಡಿಸಲೇಬೇಕು. ಒಂಬತ್ತು ವರ್ಷದ ಮಗಳು ಅಕ್ಷಯಾಳನ್ನು ಪೈಲಟ್ ಕುರ್ಚಿಯಲ್ಲಿ ಕೂರಿಸಿ, “ಹಳದಿ ಬಾಕ್ಸ್ ಬಂದ್ರೆ ಎಡಗಡೆ ಬಟನ್ ಒತ್ತಿ ಎಲೆ ಬಿಟ್ಟುಬಿಡು, ಬೇರೇನೂ ಮುಟ್ಟಬೇಡ,” ಅಂತ ಹೇಳಿ ಓಡಿದ. ಹೋಳಿಗೆ ಮೇಲೆ ತುಪ್ಪ ಬೀಳುತ್ತಿತ್ತು. ಕನ್ನಡ ಕೂಟದ ಹಿರಿಯರಾದ ಶಿವಕ್ಕ, “ನಿಮ್ಮ ಯಜಮಾನ್ರು ಭಾನುವಾರಾನೂ ಕೆಲಸ ಮಾಡ್ತಾರಲ್ಲೇ ಪ್ರತಿಭಾ!” ಅಂತ ಮೆಚ್ಚುತ್ತಿದ್ದರು. ಆಗ ನೆಲದಡಿಯಿಂದ ಕೂಗು ಬಂತು.

“ಅಪ್ಪಾ! ಟೂ ಏಸಸ್ ಬಂದಿದೆ! ಯಾಕೆ ಫೋಲ್ಡ್ ಮಾಡ್ಬೇಕು? ಆಲ್ ಇನ್ ಮಾಡ್ಲಾ?”

ಹದಿನೈದು ಬಾಯಿ ಹೋಳಿಗೆ ಅಗಿಯುವುದನ್ನು ನಿಲ್ಲಿಸಿದವು.

“ಸರ್ವರ್,” ಅಂದ ಬಸವಕುಮಾರ್. “ಸರ್ವರ್ ಡೌನ್ ಆಗಿದೆ.”

ಗುರುಶಾಂತಪ್ಪನವರು ನಿಧಾನವಾಗಿ ತಟ್ಟೆ ಕೆಳಗಿಟ್ಟರು. “ಏಸ್ ಅಂದ್ರೆ ಎಕ್ಕ ಅಲ್ವೇ?”

ಉತ್ತರ ಕೊಡಲು ಅಳಿಯ ಅಲ್ಲಿದ್ದರೆ ತಾನೇ! ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಿದ್ದಿದ್ದ. ಹಿಂದೆಯೇ ರೇಷ್ಮೆ ಸೀರೆಗಳು, ಕುರ್ತಾಗಳು, ಹೋಳಿಗೆ ಕೈಗಳು, ಎಲ್ಲಾ ಸಾಲಾಗಿ ಇಳಿದು ಬಂದವು. ಯಾರೂ ಛೀ ಥೂ ಅನ್ನಲಿಲ್ಲ. “ಎಷ್ಟಿದೆ ಪ್ರೈಜು?” ಅಂತ ಕೇಳಿದರು. ಮೂವತ್ತೊಂದು ಸಾವಿರ ಡಾಲರ್ ಅಂತ ಗೊತ್ತಾದ ಮೇಲಂತೂ ಬೇಸ್‌ಮೆಂಟಿನಲ್ಲಿ ದೇವಸ್ಥಾನದ ಮೌನ.

ಎರಡು ಎಕ್ಕ ಗೆದ್ದವು. ಒಂಬತ್ತು ಐದಾಯಿತು, ಐದು ಮೂರಾಯಿತು, ಕೊನೆಗೆ ಉಳಿದವರು ಇಬ್ಬರು. ಕೊನೆಯ ಎಲೆ ತಿರುಗುವ ಮುಂಚೆ ಎದುರಾಳಿ ತನ್ನದನ್ನೆಲ್ಲಾ ಮುಂದಕ್ಕೆ ದೂಡಿದ. ಬಸವಕುಮಾರನ ಕೈಯಲ್ಲಿ ಆಟೀನು ಎರಡು, ಮೇಜಿನ ಮೇಲೆ ಬಿಚ್ಚಿದ್ದ ನಾಲ್ಕು ಎಲೆಯಲ್ಲಿ ಎರಡು. ಇನ್ನೊಂದು ಬಂದು ಐದಾದರೆ ಗೆಲುವು, ಬರದಿದ್ದರೆ ಮಣ್ಣು.

“ನೋಡದೇ ಇರೋ ಎಲೆ ನಲವತ್ತಾರು, ಆಟೀನು ಉಳಿದಿರೋದು ಒಂಬತ್ತು,” ಅಂದರು ಹಿಂದಿನಿಂದ ಮಾವ. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕರಿಹಲಗೆಯ ಮುಂದೆ ನಿಂತಂತೆ ಇತ್ತು. “ಐದರಲ್ಲಿ ಒಂದು. ನಿಮ್ಮ ರಿಸ್ಕ್ ಅನಾಲಿಸಿಸ್ಸೇ ಇದನ್ನ ಬಿಟ್ಟುಬಿಡು ಅನ್ನುತ್ತೆ.”

ಬಸವಕುಮಾರನಿಗೂ ಗೊತ್ತಿತ್ತು. ಅವನೇ ಬರೆದು ಗೋಡೆಗೆ ಅಂಟಿಸಿದ್ದ ಲೆಕ್ಕ ಅದು. ಆದರೆ ಇಷ್ಟು ಜನ ನೋಡುತ್ತಿರುವಾಗ ಯಾವ ಗಂಡಸು ಲೆಕ್ಕ ಕೇಳುತ್ತಾನೆ? ಒತ್ತಿದ.

ಬಂತು! ಆಟೀನು ಏಳು!

ಶಿವಕ್ಕ ಪಕ್ಕದಲ್ಲಿದ್ದವರನ್ನು ಅಪ್ಪಿಕೊಂಡರು. ಯಾರೋ ಶಿಳ್ಳೆ ಹಾಕಿದರು. ಬಸವಕುಮಾರ್ ಕುರ್ಚಿಯ ಮೇಲೆ ಹತ್ತಿ ನಿಂತ. ಕೆಳಗಿಳಿದಿದ್ದರೆ ಬಹುಶಃ ಮುಂದಿನದು ಆಗುತ್ತಿರಲಿಲ್ಲ. ಎತ್ತರದಲ್ಲಿ ನಿಂತವನಿಗೆ ಮಾತು ಜಾಸ್ತಿ.

“ಪ್ರತಿಭಾ! ನಾಳೆನೇ ರಿಸೈನ್ ಮಾಡು! ಇನ್ನು ನೀನು ಒಂದು ದಿನಾನೂ ಕೆಲಸಕ್ಕೆ ಹೋಗೋದು ಬೇಡ!”

ಚಪ್ಪಾಳೆಯೋ ಚಪ್ಪಾಳೆ.

“ಮೊದಲು ದುಡ್ಡು ಬ್ಯಾಂಕಿಗೆ ಬರಲಿ ರೀ,” ಅಂದಳು ಪ್ರತಿಭಾ, ತುಪ್ಪದ ಮಿಳ್ಳೆ ಕೈಯಲ್ಲೇ ಹಿಡಿದು.

“ಅಲ್ಲೇ ಇರಲಿ ಬಿಡು, ದೊಡ್ಡ ಆಟಕ್ಕೆ ಬೇಕಾಗುತ್ತೆ. ಬ್ಯಾಂಕಿಗಿಂತ ಸೇಫ್!”

“ಹೂಂ ಅನ್ನೇ ಪ್ರತಿಭಾ,” ಅಂದರು ಶಿವಕ್ಕ. “ಎಷ್ಟು ಜನಕ್ಕೆ ಇಂಥ ಗಂಡ ಸಿಕ್ತಾನೆ?”

ಲ್ಯಾಬಿನಲ್ಲಿ ದಿನಾ ಎಂಟು ಗಂಟೆ ನಿಂತು ನಿಂತು ಅವಳ ಹಿಮ್ಮಡಿ ನೋಯುತ್ತಿದ್ದದ್ದು ಎರಡು ವರ್ಷದಿಂದ. ಗಂಡನ ಮುಖ ಇಷ್ಟು ಬೆಳಗಿದ್ದನ್ನು ಅವಳು ನೋಡಿದ್ದೂ ಅಷ್ಟೇ ಹಿಂದೆ. ನಂಬಬೇಕು ಅನ್ನಿಸಿತು. ಹದಿನೈದು ತಿಂಗಳಲ್ಲಿ ಆ ಮನೆಯಲ್ಲಿ ಪ್ರತಿಭಾ ಆಡಿದ ಜೂಜು ಅದೊಂದೇ. ಸೋಮವಾರ ಹೋಗಿ ಕಾಗದ ಕೊಟ್ಟಳು. ಉಳಿದಿದ್ದ ರಜೆಯನ್ನೆಲ್ಲಾ ನೋಟಿಸ್ ಅವಧಿಗೆ ವಜಾ ಮಾಡಿಸಿ, ಶುಕ್ರವಾರವೇ ಕೊನೆಯ ದಿನ ಅಂತ ಮಾಡಿಕೊಂಡಳು.

ಆ ಶುಕ್ರವಾರ ಮಧ್ಯಾಹ್ನ ಬಸವಕುಮಾರ್ ಬೇಸ್‌ಮೆಂಟಿಗೆ ಇಳಿದು ಕಂಪ್ಯೂಟರ್ ಹಚ್ಚಿದ. ಆಟದ ಮೇಜು ಬರಲಿಲ್ಲ. ಗರುಡನ ಮುದ್ರೆ ಇರುವ ಒಂದು ಪುಟ ಬಂತು. ವೈರಸ್ ಅಂದುಕೊಂಡ. ರೌಟರ್ ಕಿತ್ತು ಮತ್ತೆ ಚುಚ್ಚಿದ. ಮತ್ತೆ ಗರುಡ. ಶಾಲೆಯಿಂದ ಬಂದ ಅಕ್ಷಯಾ ಹಿಂದಿನಿಂದ ಓದಿದಳು:

“ಅಪ್ಪಾ, ದಿಸ್ ಸೇಸ್ ಎಫ್‌ಬಿಐ. ಇಟ್ಸ್ ಸೀಜ್ಡ್. ನೀನು ಏನ್ ಮಾಡ್ದೆ?”

ಅದೇ ದಿನ ಸರ್ಕಾರ ದೇಶದ ದೊಡ್ಡ ದೊಡ್ಡ ಪೋಕರ್ ಸೈಟುಗಳಿಗೆಲ್ಲಾ ಒಟ್ಟಿಗೆ ಬೀಗ ಜಡಿದಿತ್ತು. ಅದೃಷ್ಟ ಕೈ ಕೊಡಲಿಲ್ಲ; ಸರ್ಕಾರ ಕೈ ಹಾಕಿತು! ಹಿಡಿದದ್ದು ಸೈಟಿನವರನ್ನು, ಆಡುವವರನ್ನಲ್ಲ. ಆದರೆ ಅಷ್ಟು ಓದುವ ತಾಳ್ಮೆ ಯಾರಿಗಿತ್ತು? ಅಷ್ಟರಲ್ಲಿ ಬಾಗಿಲ ಕರೆಗಂಟೆ ಬಾರಿಸಿದ ಸದ್ದಾಯಿತು.

ರಿಸ್ಕ್ ಅನಾಲಿಸ್ಟ್ ಒಂದೇ ನೆಗೆತಕ್ಕೆ ಮೇಲೆ ಬಂದು ಅಡಿಗೆಮನೆಯ ಉಗ್ರಾಣ ಹೊಕ್ಕು, ಅಕ್ಕಿ ಮೂಟೆಯ ಹಿಂದೆ ಕೂತು ಬಾಗಿಲೆಳೆದುಕೊಂಡ. ಗುರುಶಾಂತಪ್ಪನವರು ಹೋಗಿ ತೆಗೆದರು. ಬಂದಿದ್ದವರು ಶಿವಕ್ಕ, ಭಾನುವಾರ ಹೋಳಿಗೆ ಕಟ್ಟಿಕೊಟ್ಟಿದ್ದ ಡಬ್ಬಿ ವಾಪಸ್ ಕೊಡಲು.

“ಅಳಿಯಂದ್ರು ಇಲ್ವಾ?”

“ಇದ್ದಾರೆ,” ಅಂದರು ಮಾವ. “ಅಕ್ಕಿ ಅನಾಲಿಸಿಸ್ ಮಾಡ್ತಿದಾರೆ.”

ಶಿವಕ್ಕ ಹೋದ ಹತ್ತು ನಿಮಿಷಕ್ಕೆ ಪ್ರತಿಭಾ ಬಂದಳು. ಕೈಯಲ್ಲಿ ಕೇಕಿನ ಡಬ್ಬ. ಲ್ಯಾಬಿನವರೆಲ್ಲಾ ಸೇರಿ ತರಿಸಿದ್ದು. ಮೇಲೆ ನೀಲಿ ಕ್ರೀಮಿನಲ್ಲಿ ‘ಗುಡ್ ಲಕ್ ಪ್ರತಿಭಾ’ ಅಂತ ಬರೆದಿತ್ತು. ಉಗ್ರಾಣದಿಂದ ಹೊರಬಂದ ಗಂಡನ ಕೂದಲ ತುಂಬಾ ಅಕ್ಕಿಯ ಧೂಳು.

“ಎಷ್ಟಿತ್ತು ಅದರಲ್ಲಿ?” ಎಲ್ಲಾ ಕೇಳಿದ ಮೇಲೆ ಅವಳು ಕೇಳಿದ್ದು ಇಷ್ಟೇ.

“ಎಲ್ಲಾ,” ಅಂದ.

ಅವಳು ಚಪ್ಪಲಿ ಕೂಡ ಬಿಚ್ಚದೆ ನಿಂತೇ ಸೂಪರ್‌ವೈಸರಿಗೆ ಫೋನ್ ಮಾಡಿ, ಕೊಟ್ಟ ಕಾಗದ ವಾಪಸ್ ತೊಗೋಬಹುದಾ ಅಂತ ಕೇಳಿದಳು. ಇಂಗ್ಲಿಷಿನಲ್ಲಿ “ಪ್ಲೀಸ್” ಅಂತ ಅವಳು ನಾಲ್ಕು ಸಲ ಅಂದದ್ದನ್ನು ಬಸವಕುಮಾರ್ ಎಣಿಸಿದ. ಬೆಳಗಿನ ಶಿಫ್ಟ್ ಬುಧವಾರವೇ ಇನ್ನೊಬ್ಬಳಿಗೆ ಹೋಗಿತ್ತು. ಶನಿವಾರ, ಭಾನುವಾರ ಸೇರಿ ಸಂಜೆ ಪಾಳಿ ಇದೆ, ಬೇಕಾದರೆ ಹೊಸಬಳ ಹಾಗೆ ಸೇರಬಹುದು. ಬೇಕು ಅಂದಳು.

ಗುರುಶಾಂತಪ್ಪನವರು ಚಾಕು ತಂದು ಕೇಕನ್ನು ನಾಲ್ಕು ಭಾಗ ಮಾಡಿದರು. “ತಂದಿದ್ದನ್ನ ಹಾಳು ಮಾಡಬಾರದು,” ಅಂದರು. ನಾಲ್ಕೂ ಜನ ತಿಂದರು. ‘ಲಕ್’ ಅನ್ನುವ ತುಂಡು ಬಸವಕುಮಾರನ ತಟ್ಟೆಗೆ ಬಂದಿತ್ತು. ವಿಪರೀತ ಸಿಹಿ.

ಮಾವ ಜೂನ್‌ನಲ್ಲಿ ಊರಿಗೆ ಹೋದರು. ಹೋಗುವವರೆಗೂ ಅಳಿಯನಿಗೆ ಒಂದೂ ಕಟುವಾದ ಮಾತಾಡಲಿಲ್ಲ, ಕಾಫಿಯನ್ನೂ ಮತ್ತೆ ತಂದುಕೊಡಲಿಲ್ಲ. ಬಸವಕುಮಾರ್ ದಿನಾ ಕೆಲಸಕ್ಕೆ ಅಪ್ಲೈ ಮಾಡುತ್ತಿದ್ದ. ಒಂದೂವರೆ ವರ್ಷ ಏನು ಮಾಡ್ತಿದ್ರಿ ಅನ್ನುವ ಪ್ರಶ್ನೆ ಬಂದಾಗೆಲ್ಲಾ “ರಿಸ್ಕ್ ಅನಾಲಿಸಿಸ್” ಅಂತ ಶುರುಮಾಡಿ ಕೆಮ್ಮುತ್ತಿದ್ದ.

ಆಗಸ್ಟಿನಲ್ಲಿ ಶಾಲೆ ಶುರುವಾಯಿತು. ಮೊದಲ ದಿನದ ಬೆಳಿಗ್ಗೆ ಅಕ್ಷಯಾ ಒಂದು ಫಾರ್ಮ್ ಹರಡಿಕೊಂಡು ಕೂತಿದ್ದಳು.

“ಅಪ್ಪಾ, ಫಾದರ್ಸ್ ಆಕ್ಯುಪೇಶನ್. ಏನ್ ಬರೀಲಿ?”

“ಕನ್ಸಲ್ಟೆಂಟ್ ಅಂತ ಬರಿ.”

“ಬಟ್ ಹೂ ಕನ್ಸಲ್ಟ್ಸ್ ಯೂ?”

ಬಸವಕುಮಾರ್ ಎದೆ ಸೆಟೆಸಿ, ತನ್ನ ವಿನಯವನ್ನು ತಾನೇ ಮೆಚ್ಚಿಕೊಂಡು, ಅಡಿಗೆಮನೆಗೂ ಕೇಳಿಸುವ ಹಾಗೆ ಹೇಳಿದ: “ಅದರಲ್ಲಿ ನಾಚಿಕೆ ಏನು ಬಂತು? ಹೋಮ್‌ಮೇಕರ್ ಅಂತಲೇ ಬರಿ ಮಗಳೇ!”

ಹಿಂದಿನ ದಿನದ ಪಾಳಿಯ ನೀಲಿ ಬಟ್ಟೆಯಲ್ಲೇ ಪ್ರತಿಭಾ ಮಗಳ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ತಲೆಯೆತ್ತಲಿಲ್ಲ.

“ಅದನ್ನ ಬರೀಬೇಡ ಅಕ್ಷಯಾ. ಆ ಕೆಲಸಾನೂ ನಾನೇ ಮಾಡ್ತಿರೋದು.”

ಅಕ್ಷಯಾ ಒಮ್ಮೆ ಅಮ್ಮನನ್ನು ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು. ಆ ಸಾಲನ್ನು ಖಾಲಿ ಬಿಟ್ಟು, ಮುಂದಿನದಕ್ಕೆ ಹೋದಳು.