ದೊಡ್ಡಮ್ಮನ ಎರಡನೇ ಬಿಪಿ

ನಮ್ಮ ದೊಡ್ಡಮ್ಮನ ವೈದ್ಯಶಾಸ್ತ್ರದಲ್ಲಿ ಇರುವುದು ಒಂದೇ ಕಾಯಿಲೆ: ಗ್ಯಾಸು! ತಲೆನೋವೇ? ಮೇಲೆ ಹತ್ತಿದ ಗ್ಯಾಸು. ಮಂಡಿನೋವೇ? ಕೆಳಗಿಳಿದ ಗ್ಯಾಸು. ಒಮ್ಮೆ ನಾನು ಶಿಕಾರಿಪುರದಿಂದ ಸೊರಬದ ಅವಳ ಮನೆಗೆ ಹೋದಾಗ, ಬಾಗಿಲಲ್ಲೇ ನನ್ನ ಮುಖ ನೋಡಿ, "ಹೆಂಡ್ತಿ ಹತ್ರ ಜಗಳ ಆಡ್ಕಂಡ್ ಬಂದಿದೀಯ. ಅದೂ ಗ್ಯಾಸೇ!" ಎಂದು ಓಮಿನ ಕಷಾಯ ಕುಡಿಸಿದಳು. ಜಗಳ ಆಡಿದ್ದಂತೂ ನಿಜ!

ಕಳೆದ ವರ್ಷ ಅವಳಿಗೇ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಸಂಜೆಯಾದರೆ ಪಾದ ಊದುತ್ತಿತ್ತು. ಬಿಪಿ ನೋಡಿಸಿದರೆ ನಾರ್ಮಲ್. ಇನ್ನು ಕೇಳಬೇಕೆ? "ನಾ ಹೇಳ್ಲಿಲ್ವಾ, ಗ್ಯಾಸು!"

ಗುಡವಿ ಪಕ್ಷಿಧಾಮಕ್ಕೆ ಹಕ್ಕಿ ನೋಡಲು ಹೋದ ದಿನ ಕೆರೆ ಏರಿಯ ಅರ್ಧದಲ್ಲೇ ಕೂತುಬಿಟ್ಟಳು. "ಬೇಕಾದ್ರೆ ಹಕ್ಕೀನೇ ಇಲ್ಲಿಗೆ ಬರ್ಲಿ." ನಾವೆಲ್ಲ ನಕ್ಕೆವು. ಹತ್ತಿರ ಹೋಗಿ ನೋಡಿದರೆ ತುಟಿ ನೀಲಿಗಟ್ಟಿತ್ತು. ನಗು ನಿಂತಿತು.

ಶಿವಮೊಗ್ಗದಲ್ಲಿ ಹೃದಯದ ಎಕೋ ಸ್ಕ್ಯಾನು, ಇನ್ನೊಂದಿಷ್ಟು ಪರೀಕ್ಷೆ ಆದ ಮೇಲೆ ಡಾಕ್ಟರು ಹೇಳಿದರು: "ಅಮ್ಮಾ, ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯೋ ನಾಳಗಳು ಕಿರಿದಾಗಿವೆ. ಅಲ್ಲಿ ಒತ್ತಡ ಹೆಚ್ಚಾಗಿದೆ. ಹೃದಯದ ಬಲಭಾಗ ತಳ್ಳಿ ತಳ್ಳಿ ಸೋತಿದೆ."

"ಬಿಪಿ ನಾರ್ಮಲ್ ಐತಲ್ರೀ!"

"ತೋಳಲ್ಲಿ ನೋಡೋದು ಬೇರೆ. ಇದು ಶ್ವಾಸಕೋಶದ ಬಿಪಿ. ತೋಳಿಗೆ ಪಟ್ಟಿ ಕಟ್ಟಿದ್ರೆ ಗೊತ್ತಾಗಲ್ಲ."

"ಗ್ಯಾಸ್ ಇಲ್ವೇ ಇಲ್ವಾ?"

"ಇಲ್ಲಮ್ಮ."

ವಾಪಸು ಬರುವಾಗ ಶಿರಾಳಕೊಪ್ಪದವರೆಗೂ ಅವಳು ಆ ರಿಪೋರ್ಟನ್ನೇ ತಿರುವಿ ತಿರುವಿ ನೋಡುತ್ತಿದ್ದಳು. ನಾನು ಹೆದರಿದೆ. ಆದರೆ ಮನೆ ಮುಟ್ಟಿದ್ದೇ ತಡ, ಬಿಪಿ ಮಾತ್ರೆಯ ಜಂಬ ಕೊಚ್ಚುವ ಪಕ್ಕದ ಮನೆಯಾಕೆಯನ್ನು ಕರೆದು, "ನಿಂಗೆ ಇರೋದು ಒಂದು ಬಿಪಿ. ನಂಗೆ ಎರಡು ಕಣೇ!" ಎಂದಳು.

ಕಾಯಿಲೆ ಪೂರ್ತಿ ಹೋಗುವಂಥದ್ದಲ್ಲ ಎಂದಿದ್ದರು ಡಾಕ್ಟರು. ಮಾತ್ರೆ ಶುರುವಾಯಿತು, ಉಪ್ಪು ಕಡಿಮೆಯಾಯಿತು. ಪಾದದ ಊತ ಇಳಿಯಿತು, ಉಸಿರು ಅಷ್ಟಿಷ್ಟು ಸರಾಗವಾಯಿತು.

ಮೊನ್ನೆ ಹಿತ್ತಿಲಿಗೆ ಹೊರಟವಳು ನಡುವೆಯೇ ನಿಂತಳು. ಕುರ್ಚಿ ತಂದುಕೊಟ್ಟೆ. ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು.

"ನೋವಾ ದೊಡ್ಡಮ್ಮ?"

"ಇಲ್ಲ ತಮ್ಮಾ. ಊರಲ್ಲಿ ಯಾರು ಕೆಮ್ಮಿದ್ರೂ ಓಡ್ತಿದ್ದೆ. ಈ ಹೃದಯ ಒಳಗೆ ಒಂಟಿಯಾಗಿ ಒದ್ದಾಡ್ತಿತ್ತು. ಒಂದ್ ದಿನನಾದ್ರೂ ಇದನ್ನ ಹೆಂಗಿದೀಯ ಅಂತ ನಾ ಕೇಳ್ಲಿಲ್ಲ ನೋಡು."

ಮಲಗಿದ ಮಗುವಿನ ಬೆನ್ನು ತಟ್ಟುವಂತೆ ಎದೆಯನ್ನು ಮೆಲ್ಲಗೆ ತಟ್ಟಿಕೊಂಡಳು. ನಾನು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಹಿತ್ತಿಲೇನು ಎಲ್ಲಿಗೂ ಓಡಿಹೋಗುವಂತಿರಲಿಲ್ಲ.