ಆರೂವರೆ ಧಾರಾವಾಹಿಯೂ ನನ್ನ ರಿಪೇರಿ ಚೀಲವೂ

ಟಿ.ವಿ. ರಿಪೇರಿ ಮಾಡುವವನ ಹತ್ತಿರ ಜನ ಕಥೆಯನ್ನೂ ರಿಪೇರಿ ಮಾಡು ಅಂತ ಬರುತ್ತಾರೆ ಅಂದರೆ ನೀವು ನಂಬಲಿಕ್ಕಿಲ್ಲ. ನನಗೆ ತಿಂಗಳಿಗೊಂದಾದರೂ ಹೀಗೆ ಆಗುತ್ತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಪಾಂಡವಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಚೀಲ ಹೆಗಲಿಗೆ ಹಾಕಿಕೊಂಡು ಸುತ್ತಲ ನಾಲ್ಕು ತಾಲ್ಲೂಕು ತಿರುಗುತ್ತಿದ್ದೆ. ಎಲ್ಲಿ ಹೋದರೂ ಒಂದೇ ಧಾರಾವಾಹಿ. ಅದರ ಹೆಸರು ಯಾರೂ ಹೇಳುತ್ತಿರಲಿಲ್ಲ, 'ಆರೂವರೆದು' ಅಂದರೆ ಸಾಕು. ಮೊದಲ ವರ್ಷ ಬಲು ಚೆನ್ನಾಗಿತ್ತು. ಆಮೇಲೆ ಕೆಟ್ಟಿತು ನೋಡಿ, ಕೆಟ್ಟಿದ್ದೇ ಕೆಟ್ಟಿದ್ದು. ಜನ ಮಾತ್ರ ಸುಮ್ಮನೆ ಬಿಡಲಿಲ್ಲ.

ಮುಖ ಬದಲಾದ ಸೊಸೆ

ಶ್ರೀರಂಗಪಟ್ಟಣದ ಕೋಟೆಯೊಳಗಿನ ಒಬ್ಬ ಅಜ್ಜಿ ಟಿ.ವಿ. ಕೆಟ್ಟಿದೆ ಅಂತ ಹೇಳಿಕಳಿಸಿದರು. ಹೋಗಿ ಹಿಂದಿನ ಮುಚ್ಚಳ ಬಿಚ್ಚಿದೆ. ಒಳಗೆ ಒಂದು ಸತ್ತ ಹಲ್ಲಿ ಬಿಟ್ಟರೆ ಬೇರೇನೂ ದೋಷವಿರಲಿಲ್ಲ. ಚಿತ್ರ ಕನ್ನಡಿ ಹಾಗೆ ಬರುತ್ತಿತ್ತು.

"ಚೆನ್ನಾಗೇ ಅದಲ್ಲ ಅಜ್ಜಿ?"

"ಎಲ್ಲಿ ಚೆನ್ನಾಗದೆ? ನೆನ್ನೆ ಗಂಟ ದೊಡ್ಡ ಸೊಸೆದು ಉದ್ದ ಮುಖ. ಇವತ್ತು ನೋಡುದ್ರೆ ದುಂಡ್ ಮುಖ! ಸರಿಯಾಗ್ ತಿರುಗ್ಸಿ ನೋಡಪ್ಪ."

ಹಳೇ ನಟಿ ಬಿಟ್ಟು ಹೋಗಿದ್ದಾರೆ, ಅದೇ ಪಾತ್ರಕ್ಕೆ ಹೊಸಬರನ್ನು ಹಾಕಿದ್ದಾರೆ ಅಂತ ಬಿಡಿಸಿ ಹೇಳಿದೆ. ಅಜ್ಜಿಗೆ ಸಿಟ್ಟೇ ಬಂತು. "ಅಂಗಂತ ಒಂದ್ ಮಾತು ನಮ್ಗೆ ಯೋಳ್ಬಾರ್ದಾ? ನಾವೇನ್ ಕುರುಡ್ರಾ? ಓಗ್ಲಿ, ಆ ಗಂಡ ಅನ್ನಿಸ್ಕಂಡೋನು! ಎಂಡ್ತಿ ಮುಖಾನೇ ಬದ್ಲಾಗದೆ, ಒಂದ್ ಮಾತು ಕೇಳ್ನಿಲ್ವಲ್ಲ!"

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ತಾತ ತಲೆ ಎತ್ತದೆ ಹೇಳಿದರು: "ಅವನ್ಗೆ ಗೊತ್ತಾಗಿರ್ತದೆ ಕಣೆ. ಕೇಳುದ್ರೆ ಹಳೇವ್ಳು ವಾಪಸ್ ಬಂದ್ಬುಟ್ಟಾಳು ಅಂತ ಸುಮ್ನವ್ನೆ."

ಸೂಲಗಿತ್ತಿಯ ತೀರ್ಪು

ಅದೇ ಕಥೆಯಲ್ಲಿ ಎರಡನೇ ಸೊಸೆ ಬಸುರಿ. ಶೀಳನೆರೆ ಊರಿನವರು ರಾಗಿ ಬಿತ್ತುವಾಗ ಬಸುರಿಯಾದವಳು, ಅವರು ರಾಗಿ ಕುಯ್ದು, ಕಣ ಮಾಡಿ, ಮತ್ತೆ ಬಿತ್ತುವ ಕಾಲ ಬಂದರೂ ಹೆರಲಿಲ್ಲ. ನಾನು ಆ ಊರಲ್ಲಿ ಒಂದು ಮನೆಯ ಮೇಲೆ ಆಂಟೆನಾ ತಿರುಗಿಸುತ್ತಿದ್ದೆ. ಊರಿನ ಅರ್ಧ ಜನರನ್ನು ಭೂಮಿಗೆ ಇಳಿಸಿದ ಸೂಲಗಿತ್ತಿ ಅಜ್ಜಿ ಅಂಗಳದಲ್ಲಿ ನಿಂತು ಕೂಗಿದಳು: "ಲೋ, ಅಂಗೇ ಆ ತಂತೀಲಿ ಒಂದ್ ಮಾತು ಯೋಳು. ಅವ್ರ್ ಕೈಲಾಗ್ದಿದ್ರೆ ನನ್ನ ಕರುಸ್ಕಳ್ಳಿ. ಇಂಗೆ ಬಸುರ್ನ ಎಳೆಯೋರ್ನ ನಾನ್ ಕಂಡಿಲ್ಲ!"

ಕೊನೆಗೂ ಹೆಣ್ಣುಮಗು ಹುಟ್ಟಿತು. ಮುಂದಿನ ವಾರ ನೋಡಿದರೆ ಆ ಮಗು ಎರಡು ಜಡೆ ಹಾಕಿಕೊಂಡು, ಚೀಲ ನೇತುಹಾಕಿಕೊಂಡು ಸ್ಕೂಲಿಗೆ ಹೊರಟಿದೆ! ಟಿ.ವಿ. ಮುಂದೆ ಕೂತಿದ್ದವರೆಲ್ಲ ಸೂಲಗಿತ್ತಿ ಅಜ್ಜಿಯ ಮುಖ ನೋಡಿದರು. ಅಜ್ಜಿ ಎಲೆಅಡಿಕೆ ಉಗಿದು ಬಂದು ತೀರ್ಪು ಕೊಟ್ಟಳು:

"ಇನ್ನೇನು ಮತ್ತೆ? ಅಷ್ಟ್ ದಿನ ಒಳ್ಗೇ ಕೂತ್ಕಂಡು ಓದ್ಕತಿತ್ತು."

ಕೆಂಪು ಶಾಯಿ

ನಾಗಮಂಗಲದಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು. ದಿನಾ ಧಾರಾವಾಹಿಯ ಮುಂದೆ ನೋಟ್‌ಬುಕ್ಕು, ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. 'ಸತ್ತ ಮಾವ ಎರಡನೇ ಸಲ ವಾಪಸ್ಸು, ಕಾರಣ ಬರೆದಿಲ್ಲ.' 'ಸೋಮವಾರ ಕುರುಡಿ, ಬುಧವಾರ ಪತ್ರ ಓದಿದ್ದಾಳೆ.' ಹೀಗೆ ತಪ್ಪುಗಳನ್ನು ಪಟ್ಟಿ ಮಾಡಿ, ನೂರಕ್ಕೆ ಏಳೋ ಎಂಟೋ ಅಂಕ ಹಾಕಿ, ಪ್ರತಿ ಶನಿವಾರ ಧಾರಾವಾಹಿಯವರಿಗೆ ಅಂಚೆಗೆ ಹಾಕುತ್ತಿದ್ದರು.

"ಯಾಕ್ ಸಾರ್ ಇಷ್ಟ್ ಕಷ್ಟ? ಅವರು ಓದೋದೇ ಇಲ್ಲ," ಅಂದೆ.

"ಓದದ ಹುಡುಗ್ರಿಗೇ ನಾನು ಮೂವತ್ತು ವರ್ಷ ಪಾಠ ಮಾಡಿರೋದು," ಅಂದರು.

ಎಷ್ಟೋ ತಿಂಗಳ ಮೇಲೆ ಒಂದು ಅಚ್ಚು ಹಾಕಿದ ಕಾರ್ಡು ಬಂತು: 'ನಿಮ್ಮ ಅಬಿಮಾನಕ್ಕೆ ದನ್ಯವಾದಗಳು.' ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಎರಡು ಕಡೆ ಕೆಂಪು ಸುತ್ತು ಹಾಕಿದರು. ಕೆಳಗೆ ಒಂದು ಸಾಲು ಬರೆದು ಅದೇ ಕಾರ್ಡನ್ನು ಲಕೋಟೆಗೆ ಹಾಕಿ ವಾಪಸ್ಸು ಕಳಿಸಿದರು:

'ಪ್ರತಿಯೊಂದನ್ನೂ ಐವತ್ತು ಸಲ ಬರೆದು, ತಂದೆಯವರ ಸಹಿ ಮಾಡಿಸಿಕೊಂಡು ಬಾ.'

ಕರೆಂಟ್ ಆಫೀಸಿಗೆ ಮುತ್ತಿಗೆ

ನನ್ನ ಅಂಗಡಿಯ ಎದುರಿಗೇ ಕರೆಂಟ್ ಆಫೀಸು. ಧಾರಾವಾಹಿಯ ಮೊದಲ ವರ್ಷದಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಅಲ್ಲಿ ಬಾಗಿಲಿಗೆ ಅಡ್ಡ ಕೂತು, ಆರೂವರೆಗೆ ಕರೆಂಟ್ ತೆಗೆಯಕೂಡದು ಅಂತ ಹಟ ಹಿಡಿದು ಗೆದ್ದಿದ್ದರು. ಎರಡು ವರ್ಷದ ಮೇಲೆ ಅದೇ ಹೆಂಗಸರು ಮತ್ತೆ ಬಂದರು. ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು.

"ತೆಗೀತಿಲ್ಲ ಕಣ್ರವ್ವ! ಆರೂವರೆಗೆ ಒಂದ್ ನಿಮಿಷನೂ ತೆಗೀತಿಲ್ಲ!"

"ಅದ್ಕೇ ಬಂದಿರೋದು ಸ್ವಾಮಿ. ಇನ್ ಮುಂದೆ ತೆಗ್ದ್‌ಬುಡಿ. ನೋಡಕ್ಕಾಯ್ತಿಲ್ಲ."

"ನೋಡಕ್ಕಾಗ್ದಿದ್ರೆ ನೀವೇ ಆಫ್ ಮಾಡ್ಬೋದಲ್ರವ್ವ?"

ಮುಂದೆ ನಿಂತಿದ್ದಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಅದು ನಮ್ ಕೈಲಾಗಿದ್ರೆ ನಿಮ್ ಆಫೀಸ್ಗೆ ಯಾಕ್ ಬತ್ತಿದ್ವಿ?"

ಬೆಳ್ಳೂರು ಕ್ರಾಸಿನ ಸಾರು

ಬೆಳ್ಳೂರು ಕ್ರಾಸಿನಲ್ಲಿ ಒಬ್ಬ ಅಕ್ಕ ಊಟದ ಹೋಟೆಲ್ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮೈದುನಂದಿರು ಹೋಟೆಲ್ ತಮಗೆ ಬಿಡು ಅಂತ ಕೂತಿದ್ದರಂತೆ. ಆಗ ಆರೂವರೆಯ ಕಥೆಯಲ್ಲಿ ದೊಡ್ಡ ಸೊಸೆ, "ಇದು ನನ್ನ ದುಡಿಮೆ, ಬಿಡಲ್ಲ" ಅಂತ ಎದ್ದು ನಿಂತಿದ್ದಳು. ಮಾರನೇ ದಿನ ಅಕ್ಕನೂ ಅದೇ ಮಾತು ಹೇಳಿ ಒಲೆ ಹೊತ್ತಿಸಿದವಳು, ಮತ್ತೆ ಆರಿಸಿರಲಿಲ್ಲ. ಈಗ ಅದೇ ದೊಡ್ಡ ಸೊಸೆ ದಿನಾ ಅತ್ತೆಯ ಕಾಲು ಹಿಡಿದು ಅಳುತ್ತಿದ್ದಳು. ಅಕ್ಕನಿಗೆ ಅದು ತನ್ನನ್ನೇ ಯಾರೋ ಮಂಡಿಯೂರಿಸಿದ ಹಾಗಿತ್ತು.

ಒಂದು ಮಧ್ಯಾಹ್ನ ನಾನು ಅಲ್ಲಿ ಟಿ.ವಿ. ಬಿಚ್ಚಿಕೊಂಡು ಕೂತಿದ್ದೆ. ಒಂದು ಕಾರು ನಿಂತಿತು. ಜುಬ್ಬಾ ಹಾಕಿದವರೊಬ್ಬರು ಇಳಿದು ಊಟಕ್ಕೆ ಕೂತರು. "ಆರೂವರೆ ಕಥೆ ಬರೆಯೋರು ಇವ್ರೇ," ಅಂತ ಅವರ ಡ್ರೈವರ್ ಹೆಮ್ಮೆಯಿಂದ ಹೇಳಿಬಿಟ್ಟ. ಊಟಕ್ಕೆ ಕೂತಿದ್ದ ಲಾರಿ ಡ್ರೈವರುಗಳೆಲ್ಲ ತಿರುಗಿ ನೋಡಿದರು.

ಅಕ್ಕ ಕೈ ಒರೆಸಿಕೊಂಡು ಬಂದಳು. "ನೀವೇನಾ ಸ್ವಾಮಿ? ಆ ಎಣ್ಣುಮಗ್ಳ ಕೈಲಿ ಯಾಕಿಂಗೆ ದಿನಾ ಅಳುಸ್ತೀರಿ?"

"ಏನ್ಮಾಡೋದಮ್ಮ, ಜನ ಅದನ್ನೇ ಕೇಳ್ತಾರೆ," ಅಂತ ಅವರು ನಕ್ಕರು.

ಅಕ್ಕ ಒಳಗೆ ಹೋಗಿ ತಟ್ಟೆ ತಂದಳು. ಬಿಸಿ ಮುದ್ದೆ, ಉಪ್ಸಾರು ಬಡಿಸಿದಳು. ಅವರು ಆಹಾ ಅಂದು ಇನ್ನೊಂದು ಸೌಟು ಕೇಳಿದರು. ಅಕ್ಕ ಅವರ ಕಣ್ಣೆದುರೇ ಸಾರಿನ ಬಟ್ಟಲಿಗೆ ಒಂದು ಲೋಟ ನೀರು ಸುರಿದು, ಕಲಕಿ ಬಡಿಸಿದಳು. ಮತ್ತೆ ಕೇಳಿದಾಗ ಇನ್ನೂ ಎರಡು ಲೋಟ.

"ಏನಮ್ಮಾ ಇದು? ಬರೀ ನೀರು!"

"ಸಾರು ಅದೇಯಾ ಸ್ವಾಮಿ," ಅಂದಳು ಅಕ್ಕ. "ಇದು ಮೂರ್ನೇ ಕಂತು."

ಲಾರಿ ಡ್ರೈವರುಗಳು ಮೇಜು ಬಡಿದು ನಕ್ಕರು. ಕಥೆ ಬರೆಯುವವರ ಮುಖ ಕೆಂಪಾಯಿತು, ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ಅಕ್ಕ ಬೇರೆ ಪಾತ್ರೆಯಿಂದ ಗಟ್ಟಿ ಸಾರು ತಂದು ಹೊಟ್ಟೆ ತುಂಬ ಬಡಿಸಿಯೇ ಕಳಿಸಿದಳು.

ತಿಂಗಳು ಕಳೆಯಿತು. ಆರೂವರೆಗೆ ನಾನು ಅಲ್ಲೇ ಇದ್ದೆ. ದೊಡ್ಡ ಸೊಸೆ ಕಣ್ಣೊರೆಸಿಕೊಂಡು ಎದ್ದಳು, ಅತ್ತೆಗೆ ಎದುರು ಮಾತಾಡಿದಳು, ಸೀದಾ ಹೋಗಿ ಒಂದು ಹೋಟೆಲ್ ತೆರೆದೇಬಿಟ್ಟಳು! ಹೋಟೆಲಿಗೆ ಹೋಟೆಲೇ ಚಪ್ಪಾಳೆ ತಟ್ಟಿತು. ಅಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ಟಿ.ವಿ.ಯನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಯಾಕಕ್ಕ, ಗೆದ್ಯಲ್ಲ?" ಅಂದೆ.

"ಏನ್ ಗೆದ್ದೆ? ನೋಡಲ್ಲಿ, ಸೌಟಲ್ಲಿ ಮುದ್ದೆ ತಿರುವ್ತಾವ್ಳೆ! ಆ ಸ್ವಾಮಿ ಇನ್ನೊಂದ್ಸಲ ಬರ್ಲಿ, ಮುದ್ದೆ ತಿರುವೋ ಇಟ್ಟಿನ್ ಕೋಲು ಕೈಗ್ ಕೊಟ್ಟು ಒಲೆ ಮುಂದೆ ನಿಲ್ಲುಸ್ತೀನಿ."